ಕೊರಗ ಸಮುದಾಯದವರಿಂದ ಬುಟ್ಟಿ ಹೆಣೆಯುವ ಶಿಬಿರ: ಹೇಗೆ ಕರೆಯಬೇಕು?

ಮಣಿಪಾಲದ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನಾವಿರುವುದು ಮಣಿಪಾಲದ ಒಂದು ಅಪಾರ್ಟ್‌ಮೆಂಟಿನಲ್ಲಿ. ಪ್ರತಿ ವರ್ಷ ಎಲ್ಲರೂ ಸೇರಿ ಆಟಿಡೊಂಜಿ ದಿನ, ಅಂದರೆ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನದ ಕೂಟ, ಮಾಡುತ್ತೇವೆ. ಪತ್ರೊಡೆ, ಹಲಸಿನ ಬೀಜದ ಸುಕ್ಕ, ಮಕ್ಕಳಿಗೆ ಚೆನ್ನೆಮಣೆ ಆಟ, ಇಷ್ಟೇ ಇರುತ್ತದೆ. ಈ ಸಲ ಮಕ್ಕಳಿಗೆ ಏನಾದರೂ ಕೈಕೆಲಸ ಕಲಿಸೋಣ ಎಂಬ ಮಾತು ಬಂತು. ನಮ್ಮ ಕರಾವಳಿಯ ಆದಿವಾಸಿಗಳಾದ ಕೊರಗ ಸಮುದಾಯದ ಹೆಂಗಸರನ್ನು ಕರೆದು ಬುಟ್ಟಿ ಹೆಣೆಯುವುದು ಕಲಿಯೋಣ ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು.

ಆಮೇಲೆ ತಕರಾರು ಶುರುವಾಯಿತು. ಅರ್ಧ ಗಂಟೆ ಸಾಕು, ಊಟದೊಳಗೆ ಮುಗಿಯಲಿ ಎಂದು ಒಬ್ಬರು. ಅವರಲ್ಲಿ ಡೋಲು ಬಾರಿಸುವವರನ್ನೂ ಕರೆಯಿರಿ, ಅತಿಥಿಗಳು ಬರುವಾಗ ಗೇಟಿನ ಹತ್ತಿರ ಬಾರಿಸಲಿ ಎಂದು ಇನ್ನೊಬ್ಬರು. ದುಡ್ಡು ಎಷ್ಟು ಕೊಡೋಣ ಎಂದು ಕೇಳಿದರೆ "ಶಾಲು ಹೊದೆಸಿ ಊಟ ಹಾಕಿ ಬಸ್ಸಿನ ಖರ್ಚು ಕೊಟ್ಟರೆ ಆಯ್ತಲ್ವಾ" ಎಂಬ ಉತ್ತರ. ಕಳೆದ ವರ್ಷ ಜುಂಬಾ ಕಲಿಸಲು ಬಂದವರಿಗೆ ಒಂದು ಗಂಟೆಗೆ 3000 ರೂಪಾಯಿ ಕೊಟ್ಟಿದ್ದೇವೆ. ಆಗ ಯಾರೂ ಚೌಕಾಸಿ ಮಾಡಿರಲಿಲ್ಲ.

ನನಗೆ ಇದು ಸರಿ ಕಾಣಲಿಲ್ಲ. ಆದರೆ ಸಭೆಯಲ್ಲಿ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಇಂಥ ಶಿಬಿರ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಕೊರಗ ಸಮುದಾಯದವರು ಇಲ್ಲಿ ಇದ್ದರೆ ನಿಮ್ಮ ಮಾತು ಮೊದಲು ಕೇಳಬೇಕು.

ಕಡಲಕರೆ

ಒಳ್ಳೆಯ ಯೋಚನೆ ಅಕ್ಕ. ಬುಟ್ಟಿ ಮಾಡಿ. ಗೇಟಿನ ಹತ್ತಿರ ಡೋಲು ಮಾತ್ರ ಬೇಡ.

ಬೀಡಿನಗುಡ್ಡೆ

ಡೋಲು ಯಾಕೆ ಬೇಡ? ಮದುವೆಗೆ, ಮೆರವಣಿಗೆಗೆ ಚೆಂಡೆಯವರನ್ನು ಕರೆಯುವುದಿಲ್ವಾ? ಕಲೆ ಅಂದ ಮೇಲೆ ಎಲ್ಲಾ ಕಲೆಯೂ ಒಂದೇ. ನಾವೇ ಬೇಡ ಬೇಡ ಎಂದು ದೂರ ಇಟ್ಟರೆ ಅದು ಉಳಿಯುವುದು ಹೇಗೆ?

ನಿವೃತ್ತ ಮೇಷ್ಟ್ರು

ಬೀಡಿನಗುಡ್ಡೆಯವರೇ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಚೆಂಡೆಯ ಕಥೆ ಬೇರೆ, ಡೋಲಿನ ಕಥೆ ಬೇರೆ.

ನಮ್ಮ ಜಿಲ್ಲೆಗಳಲ್ಲಿ ಅಜಲು ಪದ್ಧತಿ ಎಂದು ಇತ್ತು. ಊರಿನ ಉತ್ಸವ, ಕಂಬಳ, ದೊಡ್ಡ ಮನೆಗಳ ಕಾರ್ಯಕ್ರಮ ಯಾವುದೇ ಇರಲಿ, ಕೊರಗರು ಬಂದು ಡೋಲು ಬಾರಿಸಲೇಬೇಕು. ಅದು ಬಿಟ್ಟಿ ಚಾಕರಿ. ಕಂಬಳದ ಹಿಂದಿನ ರಾತ್ರಿ ಪನಿಕುಲ್ಲುನಿ ಎಂದು ಇತ್ತು. ರಾತ್ರಿಯಿಡೀ ಇಬ್ಬನಿಯಲ್ಲಿ ಕೂತು ಡೋಲು ಬಾರಿಸುವುದು. ಕೋಣಗಳು ಇಳಿಯುವ ಮೊದಲು ಕೆಸರಿನ ಗದ್ದೆಯಲ್ಲಿ ಅವರನ್ನು ಓಡಿಸುತ್ತಿದ್ದರು. ಇನ್ನೂ ಕೆಟ್ಟದ್ದು ಎಂದರೆ, ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಆ ಮನೆಯವರ ಕಾಯಿಲೆ, ಕೇಡು ಅವರಿಗೆ ಹೋಗಲಿ ಎಂದು.

ಇದನ್ನು ನಿಲ್ಲಿಸಲು ಕಾನೂನೇ ಬರಬೇಕಾಯಿತು. ಕರ್ನಾಟಕದಲ್ಲಿ ಅಜಲು ನಿಷೇಧದ ಕಾಯ್ದೆ ಆದದ್ದು 2000ರಲ್ಲಿ. ನನ್ನ ನಿವೃತ್ತಿಗೆ ಸ್ವಲ್ಪ ವರ್ಷ ಮೊದಲು. ಅಂದರೆ ಹಳೇ ಕಾಲದ ಕಥೆ ಅಲ್ಲ. ಗೇಟಿನ ಹೊರಗೆ ನಿಂತು ಡೋಲು ಬಾರಿಸಿ ಎಂದರೆ ನಮಗೆ ಅದು ಸ್ವಾಗತ. ಅವರ ಅಜ್ಜಿಗೆ ಅದು ಏನು ನೆನಪಿಸುತ್ತದೆ ಎಂದು ಯೋಚಿಸಿ.

ಬೀಡಿನಗುಡ್ಡೆ

ಕೂದಲು, ಉಗುರಿನ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಸರ್. ಹುಟ್ಟಿ ಬೆಳೆದದ್ದು ಉಡುಪಿಯಲ್ಲೇ. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಓದಿ ಹೊಟ್ಟೆ ತೊಳಸಿತು.

ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಡೋಲನ್ನು ಹಾಗಾದರೆ ಎಲ್ಲಿ ಕೇಳಬೇಕು?

ಕಾಡುಬೂರು

ನಾನು ಕೊರಗ ಸಮುದಾಯದವನು. ಡೋಲು ಬಾರಿಸುತ್ತೇನೆ. ಒಂದೆರಡು ಮಾತು ಹೇಳುತ್ತೇನೆ.

ಡೋಲು ನಮ್ಮದು. ಅಜಲು ನಿಮ್ಮದು. ಈ ಎರಡನ್ನು ಕಲೆಸಬೇಡಿ. ನಮ್ಮ ಮದುವೆಯಲ್ಲಿ ಡೋಲು ಉಂಟು, ನಮ್ಮ ದೈವದ ಕೆಲಸಕ್ಕೆ ಉಂಟು, ಆಗಸ್ಟ್ 18ರ ಭೂಮಿ ಹಬ್ಬಕ್ಕೆ ಉಂಟು. ಹಬ್ಬದ ದಿನ ಡೋಲು ಹಿಡಿದು ಹೋಗುವಾಗ ನನ್ನ ಎದೆ ತುಂಬುತ್ತದೆ. ಹಿರಿಯಡ್ಕದ ಗುರುವ ಕೊರಗ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು ಇದೇ ಡೋಲಿಗೆ. ಹಾಗಾಗಿ "ಪಾಪ, ಅವರಿಗೆ ನೋವಾಗುತ್ತದೆ, ಡೋಲು ಬೇಡ" ಎಂದು ನೀವು ತೀರ್ಮಾನ ಮಾಡುವುದೂ ಬೇಡ. ನಮ್ಮನ್ನು ಕೇಳಿ.

ವೇದಿಕೆ ಕೊಟ್ಟು, ಜನ ಕೂತು ಕೇಳುವ ಹಾಗಿದ್ದರೆ ನಾನು ಬರುತ್ತೇನೆ. ಗೇಟಿನ ಹತ್ತಿರ, ಕಾರು ಬರುವಾಗ ಬಾರಿಸು ಎಂದರೆ ಬರುವುದಿಲ್ಲ. ಇಷ್ಟೇ ವ್ಯತ್ಯಾಸ.

ಕಡಲಕರೆ

ಕಾಡುಬೂರು ಅಣ್ಣ, ಸರಿಯಾಗಿ ಹೇಳಿದಿರಿ. ನಾನು ಮೊದಲೇ ಬೇಡ ಎಂದು ತೀರ್ಪು ಕೊಟ್ಟಿದ್ದು ತಪ್ಪು.

ಬುಟ್ಟಿಮಗಳು

ನಾನೂ ಅದೇ ಸಮುದಾಯ. ಮಂಗಳೂರಿನಲ್ಲಿ ನರ್ಸ್ ಕೆಲಸ. ಅಮ್ಮ ಈಗಲೂ ಊರಿನಲ್ಲಿ ಬುಟ್ಟಿ ಹೆಣೆಯುತ್ತಾರೆ.

ಕಾಡುಬೂರು ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಗಂಡಸರಿಗೆ ಡೋಲಿನಿಂದ ಹೆಸರು, ಪ್ರಶಸ್ತಿ ಎಲ್ಲಾ ಬರುತ್ತದೆ. ನನ್ನ ಅಮ್ಮನಿಗೆ ಡೋಲಿನ ಸದ್ದು ಬೇರೆಯವರ ಅಂಗಳದಲ್ಲಿ ಕೇಳಿದರೆ ಈಗಲೂ ಕೈ ನಡುಗುತ್ತದೆ. ಅವರ ಅಪ್ಪ ರಾತ್ರಿ ಹೋಗಿ ಬೆಳಿಗ್ಗೆ ಎಲೆಯಲ್ಲಿ ಉಳಿದ ಊಟ ಕಟ್ಟಿಸಿಕೊಂಡು ಬರುತ್ತಿದ್ದರಂತೆ. ಮಕ್ಕಳು ಅದನ್ನೇ ಕಾಯುತ್ತಿದ್ದರಂತೆ. ಅಮ್ಮನಿಗೆ ಆ ಊಟದ ಮೇಲೆ ಆಸೆಯೂ ಇತ್ತು, ಈಗ ಅದನ್ನು ನೆನೆದರೆ ಸಿಟ್ಟೂ ಬರುತ್ತದೆ. ವೇದಿಕೆ ಹಾಕಿದರೂ ಅವರಿಗೆ ಅದೇ ನೆನಪು. ನಮ್ಮಲ್ಲೇ ಎಲ್ಲರೂ ಒಂದೇ ತರ ಯೋಚಿಸುವುದಿಲ್ಲ ಎಂದು ಹೇಳಲು ಇದನ್ನು ಬರೆದೆ.

ಬುಟ್ಟಿ ವಿಷಯ ಬೇರೆ. ಅದನ್ನು ಕಲಿಸಿ ಎಂದರೆ ಅಮ್ಮ ಖುಷಿಯಿಂದ ಓಡಿ ಬರುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ "ಕಲಿಸಿಕೊಡಿ" ಎಂದು ಕೇಳಿಲ್ಲ. "ಎಷ್ಟಕ್ಕೆ ಕೊಡ್ತೀ" ಎಂದು ಮಾತ್ರ ಕೇಳಿದ್ದಾರೆ.

ಕಾಡುಬೂರು

ತಂಗೀ, ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನನ್ನ ಅಜ್ಜಿಯೂ ಹಾಗೆಯೇ ಇದ್ದರು. ಡೋಲು ಬಿಡು ಎಂದು ನನಗೆ ಬೈಯುತ್ತಿದ್ದರು. ನಾನು ಬಿಡಲಿಲ್ಲ. ನಾವು ಬಿಟ್ಟರೆ ಅಜಲು ಗೆದ್ದ ಹಾಗೆ ಎಂದು ನನಗೆ ಅನಿಸುತ್ತದೆ. ಆದರೆ ನಿನ್ನ ಅಮ್ಮ ಕೂತಿರುವ ಕಡೆ ನಾನು ಬಾರಿಸುವುದಿಲ್ಲ.

ಕುಂದಾಪ್ರದವ

ನಾನು ಒಂದು ಶಾಲೆಯಲ್ಲಿ ಇಂಥ ಶಿಬಿರ ನಡೆಸಿದ್ದೇನೆ. ಕೆಲವು ವಿಷಯ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಮೊದಲ ವರ್ಷ ಕೆಟ್ಟು ಹೋಯಿತು. ತಪ್ಪು ನಮ್ಮದೇ. 45 ನಿಮಿಷ ಕೊಟ್ಟಿದ್ದೆವು, 80 ಮಕ್ಕಳು. ಬಂದದ್ದು ಇಬ್ಬರು ಹೆಂಗಸರು. ಅವರು ಬುಟ್ಟಿಯ ಅಡಿ ಹಾಕುವಷ್ಟರಲ್ಲಿ ಬೆಲ್ ಹೊಡೆಯಿತು. ಮಕ್ಕಳು ಫೋಟೋ ತೆಗೆಸಿಕೊಂಡು ಹೋದರು. ಆ ಅಕ್ಕಂದಿರು ಅರ್ಧ ಬುಟ್ಟಿಗಳನ್ನೆಲ್ಲ ಗೋಣಿಗೆ ತುಂಬಿಕೊಂಡು ವಾಪಸ್ ಹೋದರು. ಬುಟ್ಟಿ ಹೆಣೆಯುವ ಕಾಡುಬಳ್ಳಿಗೆ ಬೀಳು ಎನ್ನುತ್ತಾರೆ, ಅದನ್ನು ಹಾಳು ಮಾಡುವುದು ಅವರಿಗೆ ಆಗುವುದಿಲ್ಲ. ಆ ಗೋಣಿ ನೋಡಿ ನನಗೆ ತುಂಬಾ ಬೇಜಾರಾಯಿತು.

ಎರಡನೇ ವರ್ಷ 15 ಮಕ್ಕಳು, ಮೂರು ಶನಿವಾರ. ಅಕ್ಕನವರೇ ದಿನ ಹೇಳಿದರು. ಮೊದಲ ದಿನ ಹೆಣೆಯಲೇ ಇಲ್ಲ. ಬೀಳನ್ನು ನೀರಿನಲ್ಲಿ ನೆನೆಸುವುದು, ಸಿಪ್ಪೆ ಕೀಳುವುದು, ಒಂದೇ ದಪ್ಪದವನ್ನು ಆರಿಸುವುದು. ಒಬ್ಬ ಹುಡುಗ "ಬೋರ್ ಆಗ್ತಿದೆ" ಎಂದ. ಅಕ್ಕ ಅವನಿಗೆ ಒಂದು ದಪ್ಪ ಬೀಳು, ಒಂದು ಸಣ್ಣ ಬೀಳು ಕೊಟ್ಟು ಈಗಲೇ ಹೆಣೆ ನೋಡೋಣ ಎಂದರು. ಬುಟ್ಟಿ ಒಂದು ಬದಿಗೆ ವಾಲಿತು. ಆಮೇಲೆ ಅವನು ಬಾಯಿ ಮುಚ್ಚಿ ಆರಿಸಲು ಕೂತ.

ಎರಡನೇ ವಾರ ಇನ್ನೊಂದು ಪಾಠ. ಅಡಿಯಿಂದ ಮೇಲೆ ಏಳುವ ಕಡ್ಡಿಗಳು ಬೆಸ ಸಂಖ್ಯೆಯಲ್ಲಿ ಇರಬೇಕು. ಒಂದೇ ಬೀಳನ್ನು ಸುತ್ತುವಾಗ ಒಂದರ ಮೇಲೆ, ಇನ್ನೊಂದರ ಕೆಳಗೆ ಹೋಗುತ್ತದೆ. ಕಡ್ಡಿ ಸಮ ಸಂಖ್ಯೆ ಇದ್ದರೆ ಎರಡನೇ ಸುತ್ತು ಮೊದಲ ಸುತ್ತಿನ ದಾರಿಯಲ್ಲೇ ಬಂದು ಬೀಳುತ್ತದೆ, ಬಿಗಿ ಬರುವುದಿಲ್ಲ. ಗಣಿತದ ಟೀಚರ್ ಪಕ್ಕದಲ್ಲೇ ನಿಂತಿದ್ದರು. ಸಮ ಬೆಸ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ನನ್ನ ಹತ್ತಿರ ಇಲ್ಲ ಎಂದರು. ಒಬ್ಬಳ ಬುಟ್ಟಿಯಲ್ಲಿ 16 ಕಡ್ಡಿ ಬಂದಿತ್ತು. ಅಕ್ಕ ಕತ್ತಿಯಲ್ಲಿ ಒಂದನ್ನು ಸೀಳಿ ಎರಡು ಮಾಡಿ 17 ಮಾಡಿಕೊಟ್ಟರು. ಬಿಚ್ಚಿ ಮತ್ತೆ ಶುರು ಮಾಡಬೇಕಾಗಲಿಲ್ಲ.

ಮಣಿಪಾಲದ ಅಮ್ಮ

ಬೆಸ ಸಂಖ್ಯೆಯ ಮಾತು ಓದಿ ಮಗಳು ಈಗಲೇ ಕಾಗದದ ಪಟ್ಟಿ ಕತ್ತರಿಸಿ ನೋಡುತ್ತಿದ್ದಾಳೆ. ಹೌದು ಹೌದು ಎಂದು ಕೂಗುತ್ತಿದ್ದಾಳೆ. ಎಷ್ಟು ದುಡ್ಡು ಕೊಟ್ಟಿರಿ ಅಂತ ಹೇಳಬಹುದಾ?

ಕುಂದಾಪ್ರದವ

ಹೇಳಬಹುದು ಅಕ್ಕ, ಮುಚ್ಚಿಡುವುದು ಏನೂ ಇಲ್ಲ. ದಿನಕ್ಕೆ ಒಬ್ಬರಿಗೆ 2000. ಅದು ಕಲಿಸಿದ್ದಕ್ಕೆ. ಬೀಳಿನ ದುಡ್ಡು ಬೇರೆ, ಹೋಗಿ ಬರುವ ಆಟೋ ಬೇರೆ. ಕಾಡಿಗೆ ಹೋಗಿ ಬೀಳು ತರಲು ಎರಡು ದಿನ ಬೇಕು. ಆ ಎರಡು ದಿನದ ಕೂಲಿಯನ್ನೂ ಲೆಕ್ಕ ಹಾಕಿ. ನಾವು ಮೊದಲ ವರ್ಷ ಅದನ್ನು ಮರೆತಿದ್ದೆವು. ಹಣ ಅವತ್ತೇ ಕೈಗೆ ಕೊಡಿ. "ಬಿಲ್ ಪಾಸಾಗಲಿ, ಆಮೇಲೆ ಬನ್ನಿ" ಎಂದು ಅಲೆದಾಡಿಸಬೇಡಿ.

ಕಂಬಳಪ್ರಿಯ

2000 ಜಾಸ್ತಿ ಆಗಲಿಲ್ವಾ? ಒಂದು ಬುಟ್ಟಿಗೆ ಸಂತೆಯಲ್ಲಿ 200 ಸಿಕ್ಕಿದರೆ ಹೆಚ್ಚು.

ಬುಟ್ಟಿಮಗಳು

ಕಂಬಳಪ್ರಿಯ ಅವರೇ, ಬುಟ್ಟಿಯ ಬೆಲೆ ಬೇರೆ, ಕಲಿಸುವ ಬೆಲೆ ಬೇರೆ. ಸಂಗೀತದ ಮೇಷ್ಟ್ರಿಗೆ ಸಿ.ಡಿ. ರೇಟು ನೋಡಿ ಫೀಸು ಕೊಡುತ್ತೀರಾ? ನನ್ನ ಅಮ್ಮ ಏಳನೇ ವಯಸ್ಸಿನಲ್ಲಿ ಹೆಣೆಯಲು ಕೂತವರು, ಈಗ ಅರವತ್ತು ದಾಟಿದೆ. ಕಣ್ಣು ಮುಚ್ಚಿ ಬೆರಳಿನಲ್ಲೇ ಬೀಳಿನ ದಪ್ಪ ಹೇಳುತ್ತಾರೆ.

ಆ 200 ಕೂಡ ಯಾಕೆ ಅಷ್ಟು ಕಡಿಮೆ ಎಂದರೆ ಪ್ಲಾಸ್ಟಿಕ್ ಬುಟ್ಟಿ ಬಂದದ್ದಕ್ಕೆ. ಮೊದಲು ಗೊಬ್ಬರ ಹೊರುವುದಕ್ಕೆ, ಭತ್ತಕ್ಕೆ, ಮೀನಿಗೆ, ಅನ್ನ ಬಸಿಯುವುದಕ್ಕೆ, ಕೋಳಿ ಮುಚ್ಚಿಡುವುದಕ್ಕೆ ಎಲ್ಲದಕ್ಕೂ ನಮ್ಮ ಬುಟ್ಟಿಯೇ ಬೇಕಿತ್ತು. ಈಗ ಮದುವೆ ಮನೆಯ ಅಲಂಕಾರಕ್ಕೆ ಮಾತ್ರ ಬೇಕು.

ಕಂಬಳಪ್ರಿಯ

ಸರಿ ತಂಗಿ, ಒಪ್ಪಿದೆ. ನಾನು ಸಾಮಾನಿನ ಲೆಕ್ಕದಲ್ಲಿ ನೋಡಿದೆ. ನಮ್ಮ ಮನೆಯಲ್ಲಿ ಅಜ್ಜಿ ಕಾಲದ ಒಂದು ಕುರುವೆ ಬುಟ್ಟಿ ಈಗಲೂ ಗಟ್ಟಿ ಉಂಟು. ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾಗಿದೆ, ಒಂದು ಎಳೆ ಬಿಟ್ಟಿಲ್ಲ. ಯಾರು ಮಾಡಿದ್ದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಬಣ್ಣದ ಕುಂಚ

ನಾನು ಚಿತ್ರಕಲೆ ಕಲಿಸುತ್ತೇನೆ. ಬುಟ್ಟಿ ಕಷ್ಟ ಆದರೆ ವರ್ಲಿ ಚಿತ್ರ ಇಟ್ಟುಕೊಳ್ಳಬಹುದು. ಅದೂ ಆದಿವಾಸಿ ಕಲೆಯೇ. ಎರಡು ಗಂಟೆಯಲ್ಲಿ ಮಕ್ಕಳು ಚೆಂದ ಬಿಡಿಸುತ್ತಾರೆ. ನಾನೇ ಬಂದು ಕಲಿಸುತ್ತೇನೆ, ಫೀಸು ಬೇಡ.

ಸಾಗರದ ಸೊಸೆ

ವರ್ಲಿಗೆ ಏನೂ ಕೊರತೆ ಇಲ್ಲ. ಆದರೆ ಅದು ಮಹಾರಾಷ್ಟ್ರದ ವರ್ಲಿ ಜನರದ್ದು. ಅಲ್ಲಿ ಹೆಂಗಸರು ಮದುವೆಗೆ ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚೌಕ ಬರೆಯುತ್ತಿದ್ದರು, ಒಳಗೆ ಪಾಲಘಾಟ ದೇವಿ. ಜಿವ್ಯಾ ಸೋಮಾ ಮಶೆ ಅವರು ಅದನ್ನು ಗೋಡೆಯಿಂದ ಕಾಗದಕ್ಕೆ ತಂದು ಹೊರಗಿನ ಜಗತ್ತಿಗೆ ತೋರಿಸಿದರು. 2011ರಲ್ಲಿ ಪದ್ಮಶ್ರೀ ಬಂತು. ಈಗ ಎಲ್ಲಾ ಊರಿನಲ್ಲೂ ಕಪ್ಪಿನ ಮೇಲೆ ಬಿಳಿ ಗೊಂಬೆ ಬಿಡಿಸಿದರೆ ವರ್ಲಿ ಆಯಿತು. ಕಲಿಸುವ ಜಾಗದಲ್ಲಿ ಒಬ್ಬ ವರ್ಲಿಯೂ ಇರುವುದಿಲ್ಲ.

ನಮ್ಮ ಸಾಗರದ ಕಡೆ ದೀವರು ಸಮುದಾಯದ ಹೆಂಗಸರು ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು, ಅಕ್ಕಿ ಹಿಟ್ಟು, ಹುರಿದು ಕಪ್ಪು ಮಾಡಿದ ಅಕ್ಕಿಯ ಬಣ್ಣ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಚಿತ್ತಾರ ಬರೆಯುತ್ತಾರೆ. ಅದಕ್ಕೂ ವರ್ಲಿಯ ಹಾಗೇ ಆಗುತ್ತದೋ ಎಂದು ನನಗೆ ಭಯ.

ಬಣ್ಣದ ಕುಂಚ

ಮೇಡಂ, ಸ್ವಲ್ಪ ಬೇಜಾರಾಯಿತು, ಆದರೆ ನಿಮ್ಮ ಮಾತು ಸರಿ. ನಾನು ವರ್ಲಿ ಕಲಿತದ್ದು ಪುಸ್ತಕ ನೋಡಿ. ಪಾಲಘಾಟ ದೇವಿ ಬಗ್ಗೆ ಮಕ್ಕಳಿಗೆ ಒಂದು ದಿನವೂ ಹೇಳಿಲ್ಲ. ಹಾಗಾದರೆ ಬುಟ್ಟಿ ಶಿಬಿರಕ್ಕೆ ನಾನು ಕಲಿಯಲು ಬರುತ್ತೇನೆ. ಅವರು ತುಳುವಿನಲ್ಲಿ ಮಾತಾಡುತ್ತಾರಲ್ಲ, ನನಗೆ ಭಾಷೆ ತೊಂದರೆ ಇಲ್ಲ.

ನಿವೃತ್ತ ಮೇಷ್ಟ್ರು

ತುಳು ಬರುತ್ತದೆ. ಆದರೆ ಕೊರಗರಿಗೆ ಅವರದ್ದೇ ಭಾಷೆ ಇದೆ. ಅದು ತುಳುವಿನ ಒಳಗಿನ ಬಗೆ ಅಲ್ಲ, ಬೇರೆಯೇ ದ್ರಾವಿಡ ಭಾಷೆ. ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಅದರ ಮೇಲೆ ಪುಸ್ತಕ ತಂದಿದ್ದಾರೆ.

ಕಾಡುಬೂರು

ಮೇಷ್ಟ್ರೇ, ಇದನ್ನು ಹೇಳಿದ್ದಕ್ಕೆ ಧನ್ಯವಾದ. ನನ್ನ ಮಗನಿಗೆ ನಮ್ಮ ಭಾಷೆ ಅರ್ಥ ಆಗುತ್ತದೆ, ಮಾತಾಡಲು ನಾಚಿಕೆ. ಶಿಬಿರದಲ್ಲಿ ಬುಟ್ಟಿಯ ಒಂದೊಂದು ಭಾಗದ ಹೆಸರು ನಮ್ಮ ಭಾಷೆಯಲ್ಲೇ ಹೇಳಿಕೊಡಲಿ. ಬೇರೆ ಮಕ್ಕಳ ಬಾಯಲ್ಲಿ ಆ ಮಾತು ಕೇಳಿದರೆ ನನ್ನ ಮಗನ ನಾಚಿಕೆ ಹೋಗಬಹುದು.

ಕಡಲಕರೆ

ಬಾರ್ಕೂರು ಕಡೆಯ ಕುಡುಬಿಯರನ್ನೂ ಕರೆಯಬಹುದು. ಹೋಳಿ ಕುಣಿತ, ಗುಮಟೆ ವಾದ್ಯ. ಅವರೂ ಬುಡಕಟ್ಟಿನವರೇ, ಪರಿಶಿಷ್ಟ ಪಂಗಡ.

ಕಾನೂನು ಕನ್ನಡಕ

ಒಂದು ತಿದ್ದುಪಡಿ. ಕುಡುಬಿಯರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಸೇರಿಸಿ ಎಂಬ ಬೇಡಿಕೆ ಬಹಳ ವರ್ಷದಿಂದ ಇದೆ. ಕೊರಗರು ಪಟ್ಟಿಯಲ್ಲಿ ಇದ್ದಾರೆ, ಅದರಲ್ಲೂ ವಿಶೇಷವಾಗಿ ದುರ್ಬಲ ಗುಂಪು ಎಂದು. ಕರ್ನಾಟಕದಲ್ಲಿ ಹಾಗೆ ಗುರುತಿಸಿದ್ದು ಎರಡೇ, ಕೊರಗ ಮತ್ತು ಜೇನು ಕುರುಬ. 2011ರ ಜನಗಣತಿಯಲ್ಲಿ ರಾಜ್ಯದ ಕೊರಗರು 15 ಸಾವಿರಕ್ಕೂ ಕಡಿಮೆ. ಹಾಗಾಗಿ ಬುಟ್ಟಿ ಗೊತ್ತಿರುವ ಒಬ್ಬೊಬ್ಬ ಅಜ್ಜಿಯೂ ಮುಖ್ಯ.

ಬೀಡಿನಗುಡ್ಡೆ

ಬೀಳು ತರಲು ಕಾಡಿಗೆ ಹೋಗಬೇಕಲ್ಲ. ಫಾರೆಸ್ಟಿನವರು ತಡೆಯುವುದಿಲ್ವಾ?

ಬುಟ್ಟಿಮಗಳು

ತಡೆಯುತ್ತಾರೆ. ಒಮ್ಮೆ ಅಮ್ಮನ ಕತ್ತಿಯನ್ನೇ ಕಸಿದುಕೊಂಡಿದ್ದರು. ಕತ್ತಿ ಇಲ್ಲದೆ ಒಂದು ತಿಂಗಳು ಮನೆಯಲ್ಲಿ ಕೂತರು. ಈಗ ಹತ್ತಿರದ ಗುಡ್ಡದಲ್ಲಿ ಬೀಳೇ ಇಲ್ಲ, ರಬ್ಬರ್ ತೋಟ ಬಂದಿದೆ. ಬಸ್ಸಿನಲ್ಲಿ ದೂರ ಹೋಗಿ ತರಬೇಕು. ಹೊರೆ ಇದೆ ಎಂದು ಬಸ್ಸಿನವರು ಹತ್ತಿಸುವುದಿಲ್ಲ.

ಕಾನೂನು ಕನ್ನಡಕ

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಹಿಂದಿನಿಂದ ತರುತ್ತಿದ್ದ ಕಿರು ಅರಣ್ಯ ಉತ್ಪನ್ನವನ್ನು ತರುವ, ಬಳಸುವ, ಮಾರುವ ಹಕ್ಕು ಆದಿವಾಸಿಗಳಿಗೆ ಇದೆ. ಬಿದಿರು, ಬೆತ್ತ ಕೂಡ ಆ ಪಟ್ಟಿಯಲ್ಲಿ ಇವೆ. ಗ್ರಾಮ ಸಭೆಯ ಮೂಲಕ ಅರ್ಜಿ ಹಾಕಬೇಕು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಅರಣ್ಯ ಕಾಯ್ದೆಯ ಮರದ ಪಟ್ಟಿಯಿಂದಲೇ ತೆಗೆದಿದ್ದಾರೆ. ಹಾಗಾಗಿ ಯಾರದ್ದಾದರೂ ತೋಟದಲ್ಲಿ ಬಿದಿರಿದ್ದರೆ ಅವರೇ ಕೊಡಬಹುದು.

ತಂಗಿ, ಅಮ್ಮನ ಊರಿನಲ್ಲಿ ಅರ್ಜಿ ಹಾಕಿದ್ದಾರಾ? ಇಲ್ಲದಿದ್ದರೆ ನನಗೆ ಬರೆಯಿರಿ. ಅರ್ಜಿ ಬರೆದುಕೊಡುತ್ತೇನೆ, ಗ್ರಾಮ ಸಭೆಗೂ ಬರುತ್ತೇನೆ.

ಕುಂದಾಪ್ರದವ

ಇನ್ನೊಂದು ಮಾತು. ಆಟಿ ತಿಂಗಳಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಮಳೆಯಲ್ಲಿ ಜಿಗಣೆ, ಹಾವು, ಕಾಡಿಗೆ ಹೋಗುವುದು ಸುಲಭ ಅಲ್ಲ. ಬಿದಿರಿಗೂ ಅದು ಕಣಿಲೆ, ಅಂದರೆ ಎಳೆ ಮೊಳಕೆ, ಏಳುವ ಕಾಲ. ಎಳೆ ಬಿದಿರು ಕಡಿದರೆ ಹುಳ ಬೀಳುತ್ತದೆ, ಬುಟ್ಟಿ ವರ್ಷದೊಳಗೆ ಪುಡಿ. ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಮಣಿಪಾಲದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಇಡೀ ಚರ್ಚೆಯನ್ನು ನಿನ್ನೆ ಸಭೆಯಲ್ಲಿ ಓದಿ ಹೇಳಿದೆ. ಮೇಷ್ಟ್ರು ಬರೆದದ್ದನ್ನು ಓದುವಾಗ ಯಾರೂ ಮಾತಾಡಲಿಲ್ಲ. ಡೋಲಿನ ಮಾತು ತೆಗೆದವರು ಎದ್ದು, ಬಾಗಿಲಲ್ಲಿ ದೈವ ಕಾಯಲಿ ಎಂದು ಕುತ್ತಾರಿಗೆ ಹೋಗಿ ಕೊರಗ ಸಮುದಾಯದಲ್ಲಿ ಹುಟ್ಟಿದ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಇಟ್ಟು ಬರುತ್ತೇನೆ, ಅದೇ ಅಜ್ಜನ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಲು ಹೊರಟೆ ಎಂದರು. ಅವರ ಕಣ್ಣಲ್ಲಿ ನೀರು ಬಂತು.

ಆಟಿಡೊಂಜಿ ದಿನಕ್ಕೂ ಇದಕ್ಕೂ ಸಂಬಂಧ ಬೇಡ ಎಂದು ತೀರ್ಮಾನ ಆಯಿತು. ಡಿಸೆಂಬರಿನಲ್ಲಿ ಮೂರು ಭಾನುವಾರ. 12 ಮಕ್ಕಳು, 4 ದೊಡ್ಡವರು, ಅದಕ್ಕಿಂತ ಜಾಸ್ತಿ ಇಲ್ಲ. ಕಲಿಸಿದ್ದಕ್ಕೆ ದಿನಕ್ಕೆ ಒಬ್ಬರಿಗೆ 3000, ಜುಂಬಾದವರಿಗೆ ಒಂದು ಗಂಟೆಗೆ ಕೊಟ್ಟಷ್ಟಾದರೂ ಇರಲಿ ಎಂದು. ಬೀಳಿನ ಕೂಲಿ ಮೊದಲೇ ಕೊಡುತ್ತೇವೆ. ಊಟ ಎಲ್ಲರೂ ಒಂದೇ ಸಾಲಿನಲ್ಲಿ ಕೂತು. ಡೋಲು ಇಲ್ಲ.

ಬುಟ್ಟಿಮಗಳು, ಅಮ್ಮ ಬರಬಹುದಾ? ಅವರು ಯಾವ ಬುಟ್ಟಿ ಕಲಿಸಲು ಇಷ್ಟಪಡುತ್ತಾರೋ ಅದನ್ನೇ ಕಲಿಯುತ್ತೇವೆ.

ಬುಟ್ಟಿಮಗಳು

ಈಗಷ್ಟೇ ಫೋನ್ ಮಾಡಿದೆ. ಬರುತ್ತಾರಂತೆ. ಜೊತೆಗೆ ಚಿಕ್ಕಮ್ಮನೂ ಬರುತ್ತಾರೆ. ಮೊದಲು ಮಕ್ಕಳಿಗೆ ಸಣ್ಣ ಕುರುವೆ, ಅದು ಬಂದವರಿಗೆ ಮೀನಿನ ಬುಟ್ಟಿ ಎಂದರು.

ಅವರದ್ದು ಎರಡು ಪ್ರಶ್ನೆ. ನೆಲದಲ್ಲಿ ಕೂರಲು ಜಾಗ ಉಂಟಾ? ಕಾಲಿನ ಹೆಬ್ಬೆರಳಲ್ಲಿ ಬೀಳು ಹಿಡಿದು ಎಳೆಯಬೇಕು, ಕುರ್ಚಿಯಲ್ಲಿ ಆಗುವುದಿಲ್ಲ. ಮತ್ತೆ ಬೀಳು ನೆನೆಸಲು ದೊಡ್ಡ ಪಾತ್ರೆ ಬೇಕು.

ಮಣಿಪಾಲದ ಅಮ್ಮ

ನಮ್ಮ ಹಾಲ್‌ನಲ್ಲಿ ಟೈಲ್ಸ್, ಜಾರುತ್ತದೆ. ಕೆಳಗೆ ಪಾರ್ಕಿಂಗ್ ಇದೆ, ಆದರೆ ಅಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಕಂಬಳಪ್ರಿಯ

ನಮ್ಮ ಮನೆ ಪರ್ಕಳದಲ್ಲಿ, ನಿಮಗೆ ಹತ್ತಿರವೇ. ಡಿಸೆಂಬರಿಗೆ ಅಂಗಳ ಕೆತ್ತಿ ಸೆಗಣಿ ಸಾರಿಸಿ ಆಗಿರುತ್ತದೆ. ಮೇಲೆ ಸೋಗೆ ಚಪ್ಪರ ಹಾಕಿಸುತ್ತೇನೆ. ಭತ್ತ ಬೇಯಿಸುವ ಹಂಡೆ ಉಂಟು, ಅದರಲ್ಲಿ ನೆನೆಸಬಹುದು. ಜಗಲಿಯಲ್ಲಿ ಕೂತು ಊಟ ಮಾಡೋಣ.

ಅಮ್ಮ ಬಂದಾಗ ಆ ಹಳೇ ಕುರುವೆಯನ್ನು ಅಟ್ಟದಿಂದ ಇಳಿಸಿ ತೋರಿಸುತ್ತೇನೆ. ಹೆಣಿಗೆ ನೋಡಿ ಯಾವ ಊರಿನ ಕೈ ಎಂದು ಅವರಿಗೆ ಗೊತ್ತಾಗಬಹುದಾ?

ಬುಟ್ಟಿಮಗಳು

ಬಾಯಿ ಕಟ್ಟಿದ ರೀತಿ ನೋಡಿದರೆ ಹೇಳುತ್ತಾರೆ ಅಣ್ಣ. ಒಂದು ಫೋಟೋ ಹಾಕಿ, ಇವತ್ತೇ ಕಳಿಸುತ್ತೇನೆ.